ಚಂದಾ ಕಟ್ಟದೆ ಚಿತ್ರ ತಿದ್ದಲು ತಂತ್ರಾಂಶ ಆರಿಸುವುದು ಹೇಗೆ?

2013ರ ಮೇ ತಿಂಗಳಲ್ಲಿ ಅಡೋಬಿ ಸಂಸ್ಥೆ ಫೋಟೋಶಾಪ್, ಇಲ್ಲಸ್ಟ್ರೇಟರ್ ಮೊದಲಾದವುಗಳ ಹೊಸ ಆವೃತ್ತಿಗಳು ಇನ್ನು ಮುಂದೆ ಚಂದಾದಾರರಿಗೆ ಮಾತ್ರ ಎಂದು ಪ್ರಕಟಿಸಿತು. ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಫೋಟೋಶಾಪ್ ಎಂದರೆ 2012ರ ಸಿಎಸ್6. ಅಂದಿನಿಂದ ‘ಫೋಟೋಶಾಪ್‌ಗೆ ಬದಲಿ ಯಾವುದು?’ ಎಂಬ ಪ್ರಶ್ನೆಯನ್ನು ಜನ ಕೇಳುತ್ತಲೇ ಇದ್ದಾರೆ. ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂದು ನನ್ನ ದೃಢವಾದ ಅಭಿಪ್ರಾಯ: ಇಂದು ನಾನು ಮಾಡಿಟ್ಟ ಕೆಲಸವನ್ನು ಹತ್ತು ವರ್ಷದ ಮೇಲೆ, ಯಾರಿಗೂ ಹಣ ಕಟ್ಟದೆ, ಲೇಯರ್‌ಗಳ (ಒಂದರ ಮೇಲೊಂದು ಜೋಡಿಸಿದ ಪದರಗಳ) ಸಮೇತ ತೆರೆದು ತಿದ್ದಬಲ್ಲೆನೇ? ತಂತ್ರಾಂಶ ಬದಲಾಗುತ್ತದೆ, ಕಂಪನಿ ಕೈ ಬದಲಾಗುತ್ತದೆ, ಕಂಪ್ಯೂಟರ್ ಹಳೆಯದಾಗುತ್ತದೆ. ಉಳಿಯಬೇಕಾದದ್ದು ಕಡತ. ಆಯ್ಕೆಯನ್ನು ಕಡತದಿಂದ ಶುರು ಮಾಡಿದರೆ ಉಳಿದ ಗೊಂದಲಗಳಲ್ಲಿ ಅರ್ಧದಷ್ಟು ತಾವಾಗಿಯೇ ಕಳಚಿಕೊಳ್ಳುತ್ತವೆ.

ಮೊದಲ ಹೆಜ್ಜೆ: ನೀವು ನಿಜವಾಗಿ ಮಾಡುವ ಕೆಲಸ ಯಾವುದು?

ಕಳೆದ ಕೆಲವು ತಿಂಗಳಲ್ಲಿ ನೀವು ಮಾಡಿದ ಚಿತ್ರಗಳಿರುವ ಫೋಲ್ಡರ್ ತೆರೆಯಿರಿ. ಮುಂದೆಂದೋ ಮಾಡಬೇಕೆಂದಿರುವ ಕೆಲಸಗಳನ್ನು ಬದಿಗಿಡಿ, ಮಾಡಿ ಮುಗಿಸಿದವುಗಳನ್ನಷ್ಟೇ ನೋಡಿ. ಅವು ಹೆಚ್ಚುಕಡಿಮೆ ಐದು ಬಗೆಗಳಲ್ಲಿ ಒಂದಕ್ಕೆ ಸೇರುತ್ತವೆ. ಫೋಟೋದ ಬಣ್ಣ ಬೆಳಕು ಸರಿಪಡಿಸುವುದು, ಹಿನ್ನೆಲೆ ತೆಗೆಯುವುದು, ಕಲೆ ಅಳಿಸುವುದು ಪಿಕ್ಸೆಲ್ ಕೆಲಸ. ಕ್ಯಾಮೆರಾದ ರಾ ಕಡತಗಳನ್ನು (ಕ್ಯಾಮೆರಾ ದಾಖಲಿಸಿದ ಕಚ್ಚಾ ಮಾಹಿತಿಯನ್ನು) ಸಂಸ್ಕರಿಸುವುದು ಬೇರೆಯೇ ಕೆಲಸ. ಲೋಗೋ, ಚಿಹ್ನೆ, ನಕಾಶೆಗಳು ವೆಕ್ಟರ್. ಎಷ್ಟು ಹಿಗ್ಗಿಸಿದರೂ ಅವುಗಳ ಅಂಚು ಒಡೆಯುವುದಿಲ್ಲ. ಬ್ರಷ್ ಹಿಡಿದು ಚಿತ್ರ ಬರೆಯುವುದು ನಾಲ್ಕನೆಯದು. ಪುಸ್ತಕ, ಕರಪತ್ರ, ಆಮಂತ್ರಣ ಪತ್ರಗಳ ಪುಟವಿನ್ಯಾಸ ಐದನೆಯದು.

ಈ ವಿಂಗಡಣೆ ಏಕೆ ಮುಖ್ಯವೆಂದರೆ, ಎಲ್ಲವನ್ನೂ ಒಂದೇ ತಂತ್ರಾಂಶದಲ್ಲಿ ಮಾಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಒಂದು ಪೋಸ್ಟರ್ ತೆಗೆದುಕೊಳ್ಳಿ. ಅದರಲ್ಲಿ ಹಿನ್ನೆಲೆ ಕತ್ತರಿಸಿದ ಒಂದು ಫೋಟೋ, ಒಂದು ಲೋಗೋ, ನಾಲ್ಕು ಸಾಲು ಬರಹ ಇರುತ್ತವೆ. ಫೋಟೋ ಕತ್ತರಿಸುವುದನ್ನು ಪಿಕ್ಸೆಲ್ ತಂತ್ರಾಂಶದಲ್ಲಿ ಮುಗಿಸಿ, ಲೋಗೋ ಮತ್ತು ಬರಹವನ್ನು ವೆಕ್ಟರ್ ತಂತ್ರಾಂಶದಲ್ಲಿ ಜೋಡಿಸಿದರೆ ಅಕ್ಷರ ಚೂಪಾಗಿ ಬರುತ್ತದೆ, ಕಡತ ಹಗುರವಾಗುತ್ತದೆ, ದಿನಾಂಕ ಬದಲಾದರೆ ಎರಡು ನಿಮಿಷದಲ್ಲಿ ತಿದ್ದಬಹುದು. ಚಂದಾ ಇಲ್ಲದ ಲೋಕದಲ್ಲಿ ಒಂದೊಂದು ಕೆಲಸಕ್ಕೂ ಒಳ್ಳೆಯ ಸಾಧನವಿದೆ. ಎಲ್ಲಕ್ಕೂ ಒಂದೇ ಸಾಧನ ಬೇಕೆಂಬ ಹಟ ಹಿಡಿದವರೇ ಹೆಚ್ಚಾಗಿ ನಿರಾಶರಾಗುವುದು.

ಎರಡನೆಯ ಹೆಜ್ಜೆ: ‘ಚಂದಾ ಇಲ್ಲ’ ಎಂದರೆ ಏನೆಂದು ಓದಿ ನೋಡಿ

ಈ ಎರಡು ಪದಗಳ ಹಿಂದೆ ನಾಲ್ಕೈದು ಬೇರೆ ಬೇರೆ ವ್ಯವಸ್ಥೆಗಳಿವೆ. ಇಲ್ಲಿ ಅವಸರ ಮಾಡಬೇಡಿ.

ಒಂದು, ಮುಕ್ತ ತಂತ್ರಾಂಶ. ಗಿಂಪ್, ಕ್ರಿಟಾ, ಇಂಕ್‌ಸ್ಕೇಪ್, ಡಾರ್ಕ್‌ಟೇಬಲ್, ರಾಥೆರಪಿ, ಸ್ಕ್ರೈಬಸ್ ಇವೆಲ್ಲ ಈ ಗುಂಪಿನವು. ಜಿಪಿಎಲ್ ಪರವಾನಗಿಯಡಿ ಇವುಗಳ ಆಕರ ಸಂಕೇತ ಎಲ್ಲರಿಗೂ ತೆರೆದಿರುತ್ತದೆ. ಹಣ ಗಳಿಸುವ ಕೆಲಸಕ್ಕೂ ಬಳಸಬಹುದು, ಎಷ್ಟು ಕಂಪ್ಯೂಟರ್‌ಗಳಲ್ಲಾದರೂ ಹಾಕಿಕೊಳ್ಳಬಹುದು. ಇಂದು ಡೌನ್‌ಲೋಡ್ ಮಾಡಿದ ಆವೃತ್ತಿಯನ್ನು ನಾಳೆ ಯಾರೂ ದೂರದಿಂದ ಬಂದ್ ಮಾಡಲಾರರು.

ಎರಡು, ಒಂದೇ ಬಾರಿಯ ಖರೀದಿ. ಡಿಎಕ್ಸ್‌ಒ ಫೋಟೋಲ್ಯಾಬ್, ಮ್ಯಾಕ್ ಕಂಪ್ಯೂಟರ್‌ಗಳಿಗಿರುವ ಪಿಕ್ಸೆಲ್‌ಮೇಟರ್ ಪ್ರೊ ಇಂಥವು. ಇಲ್ಲಿ ಕೇಳಬೇಕಾದದ್ದು ಮೂರು ಪ್ರಶ್ನೆ: ಕೊಂಡ ಆವೃತ್ತಿಗೆ ಎಷ್ಟು ಕಾಲ ದೋಷ ಪರಿಹಾರ ಸಿಗುತ್ತದೆ? ಮುಂದೆ ಕೊಳ್ಳುವ ಹೊಸ ಕ್ಯಾಮೆರಾದ ರಾ ಕಡತ ಅದರಲ್ಲಿ ತೆರೆಯುತ್ತದೆಯೇ, ಇಲ್ಲ ಮತ್ತೆ ಹಣ ಕೊಟ್ಟು ಮೇಲ್ದರ್ಜೆಗೆ ಏರಿಸಬೇಕೇ? ಕಂಪ್ಯೂಟರ್ ಬದಲಿಸಿದಾಗ ಕಂಪನಿಯ ಸರ್ವರ್‌ನಿಂದ ಮತ್ತೆ ಅನುಮತಿ ಪಡೆಯಬೇಕೇ? ಮೂರನೆಯ ಪ್ರಶ್ನೆಯನ್ನು ಜನ ಕೇಳುವುದೇ ಕಡಿಮೆ. ಅಡೋಬಿಯ ಸಿಎಸ್2 ಬಂದದ್ದು 2005ರಲ್ಲಿ. 2013ರ ಹೊತ್ತಿಗೆ ಅದಕ್ಕೆ ಅನುಮತಿ ನೀಡುವ ಸರ್ವರ್‌ಗಳೇ ಮುಚ್ಚಿದವು. ಹಣ ಕೊಟ್ಟು ಕೊಂಡಿದ್ದವರಿಗಾಗಿ ಕಂಪನಿ ಬೇರೊಂದು ದಾರಿ ಮಾಡಿಕೊಡಬೇಕಾಯಿತು. ಶಾಶ್ವತ ಪರವಾನಗಿಯ ಕೊನೆಯ ಲೈಟ್‌ರೂಮ್ (ಅಡೋಬಿಯ ಫೋಟೋ ಸಂಸ್ಕರಣೆಯ ತಂತ್ರಾಂಶ) ಆಗಿದ್ದ ಆರನೇ ಆವೃತ್ತಿಯಲ್ಲಿ ಫೋಟೋಗಳನ್ನು ನಕ್ಷೆಯ ಮೇಲೆ ತೋರಿಸುವ ಸೌಲಭ್ಯ 2018ರ ಕೊನೆಗೆ ನಿಂತುಹೋಯಿತು, ಏಕೆಂದರೆ ಅದು ಹೊರಗಿನ ನಕ್ಷೆ ಸೇವೆಯೊಂದನ್ನು ನೆಚ್ಚಿಕೊಂಡಿತ್ತು. ತಂತ್ರಾಂಶ ನಿಮ್ಮದೇ ಆದರೂ ಅದು ಆತುಕೊಂಡಿರುವ ಸರ್ವರ್ ನಿಮ್ಮದಲ್ಲ ಎನ್ನುವುದಕ್ಕೆ ಇವೆರಡೂ ಸಾಕ್ಷಿ.

ಮೂರು, ಅವಧಿ ಪರವಾನಗಿ. ನೋಡಲು ಖರೀದಿಯಂತೆಯೇ ಇರುತ್ತದೆ, ತಿಂಗಳ ಕಂತೂ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಫೋಟೋಶಾಪ್ ಎಲಿಮೆಂಟ್ಸ್ 2025 ಇದಕ್ಕೆ ಉದಾಹರಣೆ: ಹಣ ಒಮ್ಮೆ ಕೊಟ್ಟರೆ ಸಾಕು, ಆದರೆ ಪರವಾನಗಿ ಮೂರು ವರ್ಷಕ್ಕೆ ಮುಗಿಯುತ್ತದೆ. ಹಿಂದಿನ ಎಲಿಮೆಂಟ್ಸ್ ಹಾಗಿರಲಿಲ್ಲ. ಆದ್ದರಿಂದ ಹಳೆಯ ಲೇಖನಗಳಲ್ಲಿ ‘ಒಮ್ಮೆ ಕೊಂಡರೆ ಸಾಕು’ ಎಂದು ಓದಿದ್ದರೆ ಅದನ್ನು ನಂಬಿ ಹಣ ಕೊಡಬೇಡಿ, ಇಂದಿನ ಪರವಾನಗಿಯ ಪುಟವನ್ನೇ ಓದಿ.

ನಾಲ್ಕು, ಖಾತೆ ತೆರೆದರೆ ಉಚಿತ. ಅಫಿನಿಟಿಯ ಕಥೆ ಇಲ್ಲಿ ಪಾಠದಂತಿದೆ. ಬ್ರಿಟನ್ನಿನ ಸೆರಿಫ್ ಸಂಸ್ಥೆ 2014ರಲ್ಲಿ ಅಫಿನಿಟಿ ಡಿಸೈನರ್, 2015ರಲ್ಲಿ ಅಫಿನಿಟಿ ಫೋಟೋ ತಂದು, ಚಂದಾ ಬೇಡವೆಂದವರ ನೆಚ್ಚಿನ ಆಯ್ಕೆಯಾಯಿತು. 2024ರ ಮಾರ್ಚ್‌ನಲ್ಲಿ ಕ್ಯಾನ್ವಾ ಅದನ್ನು ಕೊಂಡಿತು. 2025ರ ಅಕ್ಟೋಬರ್ ಕೊನೆಗೆ ಅಫಿನಿಟಿಯ ತಂತ್ರಾಂಶಗಳೆಲ್ಲ ಒಂದಾಗಿ, ಉಚಿತವಾಗಿ ಬಂದವು; ಕ್ಯಾನ್ವಾ ಖಾತೆ ಬೇಕು, ಕೃತಕ ಬುದ್ಧಿಮತ್ತೆಯ ಸೌಲಭ್ಯಗಳಿಗೆ ಮಾತ್ರ ಕ್ಯಾನ್ವಾದ ಚಂದಾ ಬೇಕು. ತಂತ್ರಾಂಶ ಬಹಳ ಒಳ್ಳೆಯದು, ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಅದರ ಮೂಲ ಕಡತ ಅಫಿನಿಟಿಯಲ್ಲಿ ಮಾತ್ರ ತೆರೆಯುತ್ತದೆ, ಹೊಸ ಆವೃತ್ತಿಯ ಕಡತ ಹಳೆಯ ಎರಡನೇ ಆವೃತ್ತಿಯಲ್ಲಿ ತೆರೆಯುವುದಿಲ್ಲ. ನಿಯಮ ಮುಂದೆ ಬದಲಾದರೆ ನಿಮ್ಮ ಕೆಲಸ ಎಲ್ಲಿರುತ್ತದೆ ಎಂದು ಯೋಚಿಸಿ, ಮುಖ್ಯ ಕೆಲಸಗಳ ಒಂದು ಪ್ರತಿಯನ್ನು ಪಿಎಸ್‌ಡಿ (ಫೋಟೋಶಾಪ್‌ನ ಕಡತ ಮಾದರಿ), ಎಸ್‌ವಿಜಿ (ವೆಕ್ಟರ್ ಮಾದರಿ) ಅಥವಾ ಪಿಡಿಎಫ್ ಆಗಿಯೂ ಹೊರತೆಗೆದಿಟ್ಟುಕೊಳ್ಳಿ.

ಐದು, ಜಾಹೀರಾತಿನ ಬಲದ ಮೇಲೆ ನಡೆಯುವ ಉಚಿತ ಸೇವೆ. ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾ ಈ ಜಾತಿಗೆ ಸೇರಿದ್ದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಕಳ್ಳ ಪ್ರತಿಯನ್ನು ಈ ಪಟ್ಟಿಗೆ ಸೇರಿಸಿಲ್ಲ. ಪರವಾನಗಿ ಮುರಿಯುವ ಸಲಕರಣೆಗೆ ನಿಮ್ಮ ಕಂಪ್ಯೂಟರ್‌ನ ಪೂರ್ಣ ಅಧಿಕಾರ ಕೊಡಬೇಕಾಗುತ್ತದೆ, ಅದರ ಜೊತೆ ಒಳಗೆ ಏನು ಬಂದಿತೆಂದು ತಿಳಿಯುವ ದಾರಿಯೇ ಇಲ್ಲ. ಇಷ್ಟು ಒಳ್ಳೆಯ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುವಾಗ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವೂ ಇಲ್ಲ.

ಮೂರನೆಯ ಹೆಜ್ಜೆ: ಕೆಲಸಕ್ಕೆ ತಕ್ಕ ಸಾಧನ

ಫೋಟೋ ತಿದ್ದುವವರು ಗಿಂಪ್‌ನಿಂದ ಆರಂಭಿಸಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಇದನ್ನು ಆರಂಭಿಸಿದರು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿ ಬಹುಕಾಲದ ಒಂದು ಕೊರತೆಯನ್ನು ನೀಗಿತು. ಅದಕ್ಕೂ ಮೊದಲು ಗಿಂಪ್‌ನಲ್ಲಿ ಫಿಲ್ಟರ್ ಹಾಕಿದರೆ ಪಿಕ್ಸೆಲ್‌ಗಳೇ ಬದಲಾಗಿಬಿಡುತ್ತಿದ್ದವು. ಈಗ ಫಿಲ್ಟರ್ ಲೇಯರ್‌ಗೆ ಅಂಟಿಕೊಂಡಂತೆ ಉಳಿಯುತ್ತದೆ, ನಾಳೆ ಬಂದು ಅದರ ಪ್ರಮಾಣ ತಗ್ಗಿಸಬಹುದು, ಬೇಡವೆಂದರೆ ತೆಗೆಯಬಹುದು. ಗಿಂಪ್ ಬಗ್ಗೆ ಹಳೆಯ ಟೀಕೆಗಳನ್ನು ಓದುವಾಗ ಅದು ಯಾವ ಆವೃತ್ತಿಯ ಮಾತು ಎಂದು ನೋಡಿಕೊಳ್ಳಿ.

ಹೊಸಬರು ಗಿಂಪ್‌ನಲ್ಲಿ ಮೊದಲ ದಿನವೇ ಎಡವುವ ಜಾಗ ಒಂದಿದೆ. ಉಳಿಸಲು ಹೋದರೆ ಅದು ಎಕ್ಸ್‌ಸಿಎಫ್ ಎಂಬ ತನ್ನದೇ ಮಾದರಿಯಲ್ಲಿ ಮಾತ್ರ ಉಳಿಸುತ್ತದೆ; ಜೆಪೆಗ್ ಅಥವಾ ಪಿಎನ್‌ಜಿ ಬೇಕಾದರೆ ಎಕ್ಸ್‌ಪೋರ್ಟ್ ಎಂಬ ಬೇರೆ ಆಜ್ಞೆ ಬಳಸಬೇಕು. ಕಿರಿಕಿರಿ ಎನಿಸಿದರೂ ಇದು ಒಳ್ಳೆಯ ಶಿಸ್ತು. ಲೇಯರ್‌ಗಳಿರುವ ಮೂಲವನ್ನು ಮರೆತು ಚಪ್ಪಟೆ ಜೆಪೆಗ್ ಮಾತ್ರ ಉಳಿಸಿಕೊಳ್ಳುವ ಅನಾಹುತ ಇದರಿಂದ ತಪ್ಪುತ್ತದೆ. ಗಿಂಪ್‌ನ ನಿಜವಾದ ಮಿತಿ ಮುದ್ರಣದ ಕಡೆಗಿದೆ: ಅದು ನೇರವಾಗಿ ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಬಣ್ಣಗಳಲ್ಲಿ ಕೆಲಸ ಮಾಡುವುದಿಲ್ಲ. ಮುದ್ರಣದಲ್ಲಿ ಬಣ್ಣ ಹೇಗೆ ಕಾಣಬಹುದೆಂದು ಪರದೆಯ ಮೇಲೆ ತೋರಿಸುತ್ತದೆ, ಹೊರತೆಗೆಯುವಾಗ ಪರಿವರ್ತಿಸುತ್ತದೆ, ಅಷ್ಟೇ.

ಚಿತ್ರ ಬರೆಯುವವರಿಗೆ ಕ್ರಿಟಾ. ಕೆಡಿಇ ಸಮುದಾಯ ಕಟ್ಟುತ್ತಿರುವ ಈ ತಂತ್ರಾಂಶದಲ್ಲಿ ಬ್ರಷ್‌ಗಳ ಸಂಪತ್ತೇ ಇದೆ, ಸಿಎಂವೈಕೆಯಲ್ಲೂ ನೇರವಾಗಿ ಕೆಲಸ ಮಾಡಬಹುದು. ಫೋಟೋ ಕೆಲಸಕ್ಕೂ ಇದನ್ನು ಕಡೆಗಣಿಸಬೇಡಿ: ಫೋಟೋಶಾಪ್‌ನ ಅಡ್ಜಸ್ಟ್‌ಮೆಂಟ್ ಲೇಯರ್‌ಗೆ ಒಗ್ಗಿದವರಿಗೆ ಇದರ ಫಿಲ್ಟರ್ ಲೇಯರ್ ಸುಲಭವಾಗಿ ಕೈಗೆ ಬರುತ್ತದೆ. ಅಧಿಕೃತ ತಾಣದಲ್ಲಿ ಇದು ಉಚಿತ. ಮೈಕ್ರೋಸಾಫ್ಟ್ ಸ್ಟೋರ್ ಮತ್ತು ಸ್ಟೀಮ್‌ನಲ್ಲಿ ಹಣಕ್ಕೆ ಸಿಗುವುದೂ ಇದೇ ಕ್ರಿಟಾ. ಆ ಹಣ ಅಭಿವೃದ್ಧಿಗೆ ಹೋಗುತ್ತದೆ.

ರಾ ಕಡತಗಳಿಗೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ. ಎರಡೂ ಮೂಲ ಕಡತವನ್ನು ಮುಟ್ಟುವುದಿಲ್ಲ. ನೀವು ಮಾಡಿದ ಬದಲಾವಣೆಗಳನ್ನು ಪಕ್ಕದಲ್ಲಿ ಒಂದು ಪುಟ್ಟ ಕಡತದಲ್ಲಿ ಬರೆದಿಡುತ್ತವೆ. ಡಾರ್ಕ್‌ಟೇಬಲ್‌ನದು ಎಕ್ಸ್‌ಎಂಪಿ, ರಾಥೆರಪಿಯದು ಪಿಪಿ3. ಹಾಗಾಗಿ ಬ್ಯಾಕಪ್ ಮಾಡುವಾಗ ಚಿತ್ರದ ಜೊತೆ ಈ ಪುಟ್ಟ ಕಡತಗಳನ್ನೂ ಸೇರಿಸಲೇಬೇಕು. ಸಾವಿರಾರು ಫೋಟೋಗಳನ್ನು ಆರಿಸಿ, ಗುರುತು ಹಾಕಿ, ಸಂಸ್ಕರಿಸುವವರಿಗೆ ಡಾರ್ಕ್‌ಟೇಬಲ್ ಹೊಂದುತ್ತದೆ; ಒಂದೊಂದೇ ಚಿತ್ರದ ಮೇಲೆ ಕುಳಿತು ಕೆಲಸ ಮಾಡುವವರಿಗೆ ರಾಥೆರಪಿ. ಇವೆರಡರಲ್ಲಿ ಒಂದು ನಿಮ್ಮ ಕಂಪ್ಯೂಟರ್‌ನಲ್ಲಿದ್ದರೆ ಗಿಂಪ್ ರಾ ಕಡತವನ್ನು ಅದರ ಮೂಲಕವೇ ತೆರೆಯುತ್ತದೆ. ಡಾರ್ಕ್‌ಟೇಬಲ್ ಮೊದಲ ನೋಟಕ್ಕೆ ಬೆದರಿಸುವಷ್ಟು ಗುಂಡಿಗಳನ್ನು ತೋರಿಸುತ್ತದೆ. ಬಿಳಿಯ ಸಮತೋಲನ, ಎಕ್ಸ್‌ಪೋಷರ್, ಸಿಗ್ಮಾಯ್ಡ್ ಅಥವಾ ಫಿಲ್ಮಿಕ್ ಎಂಬ ಬೆಳಕಿನ ಹೊಂದಾಣಿಕೆ, ಕಡೆಗೆ ಬಣ್ಣದ ತೀವ್ರತೆ: ಮೊದಲ ವಾರ ಈ ನಾಲ್ಕನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಫೋಟೋ ಸುಂದರವಾಗಲು ಬಹುಪಾಲು ಸಂದರ್ಭಗಳಲ್ಲಿ ಇಷ್ಟೇ ಸಾಕು.

ವೆಕ್ಟರ್‌ಗೆ ಇಂಕ್‌ಸ್ಕೇಪ್. 2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆದ ಇದು 1.0 ಆವೃತ್ತಿ ತಲುಪಿದ್ದು 2020ರಲ್ಲಿ. ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ಅತಿ ನಿಶ್ಚಿಂತೆಯಿಂದ ಶಿಫಾರಸು ಮಾಡಬಲ್ಲ ತಂತ್ರಾಂಶ ಇದು. ಇದರ ಮೂಲ ಮಾದರಿಯೇ ಎಸ್‌ವಿಜಿ. ಅದು ಯಾವ ಕಂಪನಿಯ ಆಸ್ತಿಯೂ ಅಲ್ಲ, ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಒಕ್ಕೂಟ 2001ರಲ್ಲಿ ಅಂಗೀಕರಿಸಿದ್ದು. ಬ್ರೌಸರ್‌ನಲ್ಲೂ ತೆರೆಯುತ್ತದೆ, ಬೇರೆ ಬಹುತೇಕ ವೆಕ್ಟರ್ ತಂತ್ರಾಂಶಗಳಲ್ಲೂ ತೆರೆಯುತ್ತದೆ. ಪಿಡಿಎಫ್ ಹೊಂದಾಣಿಕೆ ಇಟ್ಟು ಉಳಿಸಿದ ಇಲ್ಲಸ್ಟ್ರೇಟರ್ ಕಡತಗಳನ್ನೂ ಕೋರೆಲ್‌ಡ್ರಾದ ಎಷ್ಟೋ ಕಡತಗಳನ್ನೂ ಇಂಕ್‌ಸ್ಕೇಪ್ ತೆರೆಯಬಲ್ಲದು. ಸಿಎಂವೈಕೆಯ ಕೊರತೆ ಇಲ್ಲೂ ಇದೆ. ಅದನ್ನು ತುಂಬಿಕೊಡುವುದು ಸ್ಕ್ರೈಬಸ್: ಇಂಕ್‌ಸ್ಕೇಪ್‌ನ ಚಿತ್ರವನ್ನು, ಗಿಂಪ್‌ನ ಫೋಟೋವನ್ನು ಅದರ ಪುಟದಲ್ಲಿ ಕೂರಿಸಿ, ಮುದ್ರಣಾಲಯ ಕೇಳುವ ಪಿಡಿಎಫ್/ಎಕ್ಸ್ ಮಾದರಿಯಲ್ಲಿ ಹೊರತೆಗೆಯಬಹುದು.

ಉಳಿದವುಗಳ ಬಗ್ಗೆ ಚಿಕ್ಕದಾಗಿ. ಫೋಟೋಪಿಯಾ, ಇವಾನ್ ಕುಟ್ಸ್‌ಕಿರ್ ಎಂಬ ಪ್ರೋಗ್ರಾಮರ್ ರೂಪಿಸಿದ್ದು, ಬ್ರೌಸರ್‌ನಲ್ಲೇ ಪಿಎಸ್‌ಡಿ ಕಡತ ತೆರೆಯುತ್ತದೆ. ಕಡತ ಸರ್ವರ್‌ಗೆ ಹೋಗದೆ ನಿಮ್ಮ ಕಂಪ್ಯೂಟರ್‌ನಲ್ಲೇ ಸಂಸ್ಕರಣೆಯಾಗುತ್ತದೆ. ಬೇರೆಯವರು ಕಳುಹಿಸಿದ ಪಿಎಸ್‌ಡಿಯನ್ನು ಒಮ್ಮೆ ತೆರೆದು ಒಂದು ಸಾಲು ತಿದ್ದಬೇಕಾದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ವಿಂಡೋಸ್‌ನಲ್ಲಿ ಚಿತ್ರ ಕತ್ತರಿಸಿ ಅಳತೆ ಬದಲಿಸುವಷ್ಟಕ್ಕೆ ಪೇಂಟ್ ಡಾಟ್ ನೆಟ್ ಸಾಕು. ಮೊಬೈಲ್‌ನಲ್ಲಿ ತೆಗೆದು ಮೊಬೈಲ್‌ನಲ್ಲೇ ಹಂಚುವವರಿಗೆ ಗೂಗಲ್‌ನ ಸ್ನ್ಯಾಪ್‌ಸೀಡ್ ಉಚಿತ, ಜಾಹೀರಾತೂ ಇಲ್ಲ.

ನಾಲ್ಕನೆಯ ಹೆಜ್ಜೆ: ಕನ್ನಡ ಅಕ್ಷರಗಳ ಪರೀಕ್ಷೆ

ಚಿತ್ರದ ಮೇಲೆ ಕನ್ನಡ ಬರೆಯುವವರು ಈ ಪರೀಕ್ಷೆಯನ್ನು ತಪ್ಪಿಸಬೇಡಿ. ಬೇರೆ ಭಾಷೆಗಳಲ್ಲಿ ಬರುವ ಮಾರ್ಗದರ್ಶಿಗಳು ಈ ವಿಷಯವನ್ನು ಎತ್ತುವುದೇ ಇಲ್ಲ. ಕನ್ನಡದ ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸಲು ತಂತ್ರಾಂಶದೊಳಗೆ ಲಿಪಿ ಜೋಡಿಸುವ ಎಂಜಿನ್ ಒಂದು ಇರಬೇಕು. ಹಾರ್ಫ್‌ಬಜ್ ಎಂಬುದು ಅಂಥ ಮುಕ್ತ ಎಂಜಿನ್. ಗಿಂಪ್ ಮತ್ತು ಇಂಕ್‌ಸ್ಕೇಪ್ ಅದನ್ನು ಬಳಸುತ್ತವೆ, ಆದ್ದರಿಂದ ಅವುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಸ್ಕ್ರೈಬಸ್‌ನ ಹಳೆಯ 1.4 ಸರಣಿಯಲ್ಲಿ ಇದು ಇರಲಿಲ್ಲ, 1.5 ಸರಣಿಯ ಪರೀಕ್ಷಾ ಆವೃತ್ತಿಗಳಲ್ಲಿ ಸೇರಿ, 2024ರ ಜನವರಿಯ ಸ್ಥಿರ ಆವೃತ್ತಿ 1.6ರಲ್ಲಿ ಎಲ್ಲರಿಗೂ ಸಿಕ್ಕಿತು. ಅಫಿನಿಟಿಯ ಎರಡನೇ ಆವೃತ್ತಿಯವರೆಗೂ ಭಾರತೀಯ ಲಿಪಿಗಳಿಗೆ ಇಂಥ ಬೆಂಬಲ ಇರಲಿಲ್ಲ. ಎಷ್ಟೇ ಒಳ್ಳೆಯ ತಂತ್ರಾಂಶವಾದರೂ ನಮ್ಮ ಭಾಷೆಯನ್ನು ಒಡೆದು ತೋರಿಸಿದರೆ ನಮ್ಮ ಪಾಲಿಗೆ ಅದು ಅಪೂರ್ಣವೇ.

ಪರೀಕ್ಷೆ ಹೀಗೆ ಮಾಡಿ. ಯೂನಿಕೋಡ್‌ನಲ್ಲಿ ಈ ಪದಗಳನ್ನು ಟೈಪ್ ಮಾಡಿ: ಸ್ವಾತಂತ್ರ್ಯ, ಕರ್ನಾಟಕ, ಕ್ಷೇತ್ರ, ಕೃಷ್ಣ, ರ‍್ಯಾಂಕ್. ‘ಸ್ವಾತಂತ್ರ್ಯ’ದ ಕೊನೆಯಲ್ಲಿ ತಕಾರಕ್ಕೆ ಎರಡು ಒತ್ತುಗಳು ಒಟ್ಟಿಗೆ ಬಂದಿವೆಯೇ? ‘ಕರ್ನಾಟಕ’ದ ಅರ್ಕಾವತ್ತು ‘ನಾ’ ಆದ ಮೇಲೆ ಕುಳಿತಿದೆಯೇ, ಇಲ್ಲ ರಕಾರ ಬೇರೆಯಾಗಿ ನಿಂತು ಅದರ ತಲೆಯ ಮೇಲೆ ಅರ್ಧಾಕ್ಷರದ ಚಿಹ್ನೆ ಕಾಣುತ್ತಿದೆಯೇ? ‘ರ‍್ಯಾಂಕ್’ನಲ್ಲಿ ರಕಾರ ಪೂರ್ಣವಾಗಿ ಉಳಿದು ಯ ಅದರ ಕೆಳಗೆ ಒತ್ತಾಗಬೇಕು, ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ತಂತ್ರಾಂಶ ಗೌರವಿಸಿದರೆ ಮಾತ್ರ ಹಾಗಾಗುತ್ತದೆ. ಈ ಐದೂ ಸರಿಯಾಗಿ ಬಂದರೆ ಉಳಿದದ್ದೂ ಬಹುಮಟ್ಟಿಗೆ ಸರಿಯಾಗಿಯೇ ಬರುತ್ತದೆ. ಆಮೇಲೆ ಪಿಡಿಎಫ್ ಆಗಿ ಹೊರತೆಗೆದು ಮತ್ತೊಮ್ಮೆ ನೋಡಿ, ಪರದೆಯಲ್ಲಿ ಸರಿಯಿದ್ದದ್ದು ಹೊರಬರುವಾಗ ಕೆಡುವುದೂ ಉಂಟು.

ಆರಿಸಿದ ತಂತ್ರಾಂಶ ಈ ಪರೀಕ್ಷೆಯಲ್ಲಿ ಸೋತರೆ ಅದನ್ನು ಬಿಡಲೇಬೇಕೆಂದಿಲ್ಲ. ಬರಹವನ್ನು ಇಂಕ್‌ಸ್ಕೇಪ್‌ನಲ್ಲಿ ಜೋಡಿಸಿ, ಅದರ ಒಂದು ನಕಲಿನಲ್ಲಿ ಅಕ್ಷರಗಳನ್ನು ಪಾತ್ (ರೇಖಾಕೃತಿ) ಆಗಿ ಪರಿವರ್ತಿಸಿ, ಎಸ್‌ವಿಜಿ ಮಾಡಿ ಆ ತಂತ್ರಾಂಶಕ್ಕೆ ತನ್ನಿ. ತಿದ್ದಬಹುದಾದ ಅಕ್ಷರಗಳಿರುವ ಮೂಲ ಪ್ರತಿ ಮಾತ್ರ ಬೇರೆಯಾಗಿ ಇರಲಿ. ಪಾತ್ ಆದ ಮೇಲೆ ಕಾಗುಣಿತದ ತಪ್ಪನ್ನು ತಿದ್ದಲಾಗುವುದಿಲ್ಲ.

ಹಳೆಯ ಪೋಸ್ಟರ್‌ಗಳನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಮಾಡಿದ್ದರೆ ಇನ್ನೊಂದು ತೊಡಕಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅಲ್ಲಿ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸಿ, ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಬಲೂ ತಮ್ಮ, ಟೀರೋ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್‌ಗಳಿಗೆ ಬದಲಿಸಿ. ತಂತ್ರಾಂಶಕ್ಕೆ ಕೊಡುವಷ್ಟೇ ಗಮನವನ್ನು ಫಾಂಟ್‌ನ ಪರವಾನಗಿಗೂ ಕೊಡಿ.

ಐದನೆಯ ಹೆಜ್ಜೆ: ಕಂಪ್ಯೂಟರ್ ತಾಳುತ್ತದೆಯೇ?

ಒಂದು ಸರಳ ಲೆಕ್ಕ. 6000 ಅಡ್ಡ 4000 ಪಿಕ್ಸೆಲ್‌ನ, ಅಂದರೆ 24 ಮೆಗಾಪಿಕ್ಸೆಲ್ ಚಿತ್ರವನ್ನು 16 ಬಿಟ್‌ನಲ್ಲಿ, ಪಾರದರ್ಶಕತೆ ಸೇರಿ ನಾಲ್ಕು ವಾಹಿನಿಗಳೊಂದಿಗೆ (ಚಾನೆಲ್) ತೆರೆದರೆ ಒಂದು ಲೇಯರ್‌ಗೆ ಸುಮಾರು 192 ಎಂಬಿ ಸ್ಮೃತಿ ಬೇಕು. ಹತ್ತು ಲೇಯರ್ ಆದರೆ ಹತ್ತಿರ ಹತ್ತಿರ 2 ಜಿಬಿ. ಹಿಂದಿನ ಹೆಜ್ಜೆಗಳನ್ನು ನೆನಪಿಡಲು ತಂತ್ರಾಂಶ ಬಳಸುವ ಜಾಗ ಬೇರೆ. 8 ಜಿಬಿ ರ‍್ಯಾಮ್‌ನಲ್ಲಿ ಕೆಲಸ ಸಾಗುತ್ತದೆ, 16 ಇದ್ದರೆ ನೆಮ್ಮದಿ. ಹಳೆಯ ಯಂತ್ರವಾದರೆ ಜಾಲಕ್ಕಾಗಿ ಮಾಡುವ ಚಿತ್ರಗಳನ್ನು 8 ಬಿಟ್‌ನಲ್ಲಿ ಮಾಡಿ, ಬೇಕಾದ ಸ್ಮೃತಿ ಅರ್ಧಕ್ಕಿಳಿಯುತ್ತದೆ. ಎ4 ಹಾಳೆಯನ್ನು 300 ಪಿಪಿಐನಲ್ಲಿ ಮುದ್ರಿಸಲು 2480 ಅಡ್ಡ 3508 ಪಿಕ್ಸೆಲ್ ಸಾಕು, ಅದಕ್ಕಿಂತ ದೊಡ್ಡದು ಸುಮ್ಮನೆ ಹೊರೆ. ಲಿನಕ್ಸ್ ಬಳಸುವವರಿಗೆ ಮೇಲಿನ ಮುಕ್ತ ತಂತ್ರಾಂಶಗಳೆಲ್ಲ ಸಿಗುತ್ತವೆ. ಅಫಿನಿಟಿಗೆ ಲಿನಕ್ಸ್ ಆವೃತ್ತಿ ಇಲ್ಲ, ಪೇಂಟ್ ಡಾಟ್ ನೆಟ್ ವಿಂಡೋಸ್‌ಗೆ ಮಾತ್ರ.

ಆರನೆಯ ಹೆಜ್ಜೆ: ನಿಮ್ಮದೇ ಹಳೆಯ ಕೆಲಸದಿಂದ ಪರೀಕ್ಷಿಸಿ

ತಂತ್ರಾಂಶದ ಗುಣವನ್ನು ವಿಡಿಯೋ ನೋಡಿ ಅಳೆಯಲಾಗದು. ನಿಮ್ಮ ಹಳೆಯ ಪಿಎಸ್‌ಡಿಗಳಲ್ಲಿ ಅತ್ಯಂತ ಜಟಿಲವಾದ ಒಂದನ್ನು ಆರಿಸಿ, ಅದರ ನಕಲನ್ನು ಹೊಸ ತಂತ್ರಾಂಶದಲ್ಲಿ ತೆರೆಯಿರಿ. ಪಕ್ಕದಲ್ಲಿ ಮೂಲದ ಜೆಪೆಗ್ ಇಟ್ಟುಕೊಂಡು ಹೋಲಿಸಿ ನೋಡಿ.

ಮೊದಲು ಅಕ್ಷರಗಳು: ತಿದ್ದಬಹುದಾದ ಅಕ್ಷರವಾಗಿಯೇ ಉಳಿದಿವೆಯೇ, ಇಲ್ಲ ಬರೀ ಚಿತ್ರವಾಗಿಬಿಟ್ಟಿವೆಯೇ? ನಂತರ ಅಡ್ಜಸ್ಟ್‌ಮೆಂಟ್ ಲೇಯರ್‌ಗಳು: ಬಣ್ಣ ಮೂಲದಂತೆಯೇ ಇದೆಯೇ? ಲೇಯರ್‌ಗೆ ಕೊಟ್ಟ ನೆರಳು, ಅಂಚುಗೆರೆ ಉಳಿದಿವೆಯೇ? ಸ್ಮಾರ್ಟ್ ಆಬ್ಜೆಕ್ಟ್‌ಗಳು, ಅಂದರೆ ಕಡತದೊಳಗೆ ಮೂಲರೂಪದಲ್ಲೇ ಅಡಗಿಸಿಟ್ಟ ಚಿತ್ರಗಳು, ಏನಾದವು? ಮಾಸ್ಕ್‌ಗಳು (ಲೇಯರ್‌ನ ಭಾಗವನ್ನು ಮರೆಮಾಡುವ ಮುಸುಕುಗಳು) ಸಾಮಾನ್ಯವಾಗಿ ಸುರಕ್ಷಿತವಾಗಿ ಬರುತ್ತವೆ. ಅಕ್ಷರ, ಲೇಯರ್ ಸ್ಟೈಲ್ ಮತ್ತು ಸ್ಮಾರ್ಟ್ ಆಬ್ಜೆಕ್ಟ್‌ಗಳೇ ಪೆಟ್ಟು ತಿನ್ನುವುದು. ಒಂದೇ ಕಡತವನ್ನು ಗಿಂಪ್, ಕ್ರಿಟಾ, ಫೋಟೋಪಿಯಾ ಮೂರರಲ್ಲೂ ತೆರೆದು ನೋಡಿದರೆ ನಿಮ್ಮ ಹಳೆಯ ಕೆಲಸವನ್ನು ಯಾವುದು ಚೆನ್ನಾಗಿ ಓದುತ್ತದೆಂದು ತಾನೇ ತಿಳಿಯುತ್ತದೆ.

ಆಮೇಲೆ ಒಂದು ಹೊಸ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಅದರಲ್ಲೇ ಮಾಡಿ. ನಿಧಾನವಾಗುತ್ತದೆ, ಕೈ ಹಳೆಯ ಕೀಲಿಗಳ ಕಡೆಗೇ ಹೋಗುತ್ತದೆ. ಗಿಂಪ್‌ನಲ್ಲೂ ಕ್ರಿಟಾದಲ್ಲೂ ಕೀಲಿಗಳನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ದಿನವೂ ಬಳಸುವ ಏಳೆಂಟನ್ನು ಹಳೆಯ ಅಭ್ಯಾಸಕ್ಕೆ ಹೊಂದಿಸಿಕೊಂಡರೆ ಮುನಿಸು ಬೇಗ ಕರಗುತ್ತದೆ. ಈ ಕೆಲಸ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಫಲಿತಾಂಶ ಕೊಡುವಷ್ಟು ಚೆನ್ನಾಗಿದೆಯೇ? ತಡವಾದದ್ದು ಅಭ್ಯಾಸವಿಲ್ಲದ್ದರಿಂದಲೋ, ತಂತ್ರಾಂಶದಲ್ಲಿ ಆ ಸೌಲಭ್ಯವೇ ಇಲ್ಲದ್ದರಿಂದಲೋ? ಅಭ್ಯಾಸದ ತಡ ದಿನ ಕಳೆದಂತೆ ತೀರುತ್ತದೆ. ಸೌಲಭ್ಯವೇ ಇಲ್ಲವೆಂದಾದರೆ, ಅದರಲ್ಲೂ ಆ ಸೌಲಭ್ಯ ನಿಮ್ಮ ಹೊಟ್ಟೆಪಾಡಿನ ಕೆಲಸಕ್ಕೆ ಬೇಕೇ ಬೇಕು ಎಂದಾದರೆ, ಚಂದಾ ಮುಂದುವರಿಸುವುದರಲ್ಲಿ ತಪ್ಪೇನೂ ಇಲ್ಲ.

ಏಳನೆಯ ಹೆಜ್ಜೆ: ಸರಿಯಾದ ಜಾಗದಿಂದ ಇಳಿಸಿಕೊಳ್ಳಿ

ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಕಾಣುವ ಜಾಹೀರಾತನ್ನು ಒತ್ತಬೇಡಿ. 2022ರಲ್ಲಿ ಗಿಂಪ್‌ನ ತಾಣವನ್ನೇ ಹೋಲುವ ನಕಲಿ ತಾಣವೊಂದು ಗೂಗಲ್ ಜಾಹೀರಾತಿನ ಮೂಲಕ ಜನರಿಗೆ ಮಾಹಿತಿ ಕದಿಯುವ ಕುತಂತ್ರಾಂಶವನ್ನು ದಾಟಿಸಿತ್ತು. ವಿಳಾಸವನ್ನು ನೀವೇ ಟೈಪ್ ಮಾಡಿ: ಗಿಂಪ್, ಕ್ರಿಟಾ, ಇಂಕ್‌ಸ್ಕೇಪ್, ಡಾರ್ಕ್‌ಟೇಬಲ್ ನಾಲ್ಕೂ ತಮ್ಮ ಹೆಸರಿನ ಮುಂದೆ ‘ಡಾಟ್ ಆರ್ಗ್’ ಇರುವ ತಾಣಗಳಲ್ಲಿವೆ. ಕಡತ ಬದಲಾಗಿಲ್ಲವೆಂದು ಖಚಿತಪಡಿಸುವ ಎಸ್‌ಎಚ್‌ಎ256 ಮೊತ್ತವನ್ನು ಅಲ್ಲಿ ಕೊಟ್ಟಿದ್ದರೆ ಇಳಿಸಿದ ಕಡತದ ಮೊತ್ತದೊಂದಿಗೆ ಹೋಲಿಸಿ ನೋಡಿ. ಉಚಿತ ಗಿಂಪ್‌ಗೆ ಹಣ ಕೇಳುವ ಅಪರಿಚಿತ ತಾಣ ಎದುರಾದರೆ ಮುಂದುವರಿಯಬೇಡಿ.

ಎಂಟನೆಯ ಹೆಜ್ಜೆ: ಚಂದಾ ನಿಲ್ಲಿಸುವ ಮೊದಲು

ಈಗಾಗಲೇ ಚಂದಾದಾರರಾಗಿರುವವರು ಹೊಸ ತಂತ್ರಾಂಶ ಕೈಗೆ ಕುದುರಿದ ಕೂಡಲೇ ರದ್ದುಗೊಳಿಸಲು ಓಡಬೇಡಿ. ಹಳೆಯ ತಂತ್ರಾಂಶ ಇನ್ನೂ ತೆರೆಯುತ್ತಿರುವಾಗಲೇ ಮಾಡಬೇಕಾದ ಕೆಲಸಗಳಿವೆ.

ಫೋಟೋಶಾಪ್‌ನಲ್ಲಿ ಕ್ಲೌಡ್‌ಗೆ ಉಳಿಸಿದ ದಾಖಲೆಗಳನ್ನೆಲ್ಲ ಕಂಪ್ಯೂಟರ್‌ಗೆ ಪಿಎಸ್‌ಡಿಯಾಗಿ ಇಳಿಸಿಕೊಳ್ಳಿ. ಉಳಿಸುವಾಗ ‘ಮ್ಯಾಕ್ಸಿಮೈಸ್ ಕಂಪಾಟಿಬಿಲಿಟಿ’ ಆಯ್ಕೆ ಚಾಲೂ ಇರಲಿ. ಬೇರೆ ತಂತ್ರಾಂಶಗಳು ಓದಬಲ್ಲ ಪೂರ್ಣ ಚಿತ್ರವೊಂದು ಆಗ ಕಡತದೊಳಗೆ ಸೇರುತ್ತದೆ. ಇಲ್ಲಸ್ಟ್ರೇಟರ್‌ನಲ್ಲಿ ಪಿಡಿಎಫ್ ಹೊಂದಾಣಿಕೆಯ ಆಯ್ಕೆಯನ್ನು ಇಟ್ಟು ಉಳಿಸಿ, ಜೊತೆಗೆ ಎಸ್‌ವಿಜಿಯನ್ನೂ ತೆಗೆದಿಡಿ. ಮುಖ್ಯವಾದ ಪ್ರತಿಯೊಂದು ಕೆಲಸದ 16 ಬಿಟ್ ಟಿಫ್ ಅಥವಾ ಪಿಎನ್‌ಜಿ ಪ್ರತಿ ಇರಲಿ. ಚಂದಾದ ಜೊತೆಗೆ ಬಂದ ಅಡೋಬಿ ಫಾಂಟ್‌ಗಳು ಚಂದಾ ಮುಗಿದ ಮೇಲೆ ಸಿಗುವುದಿಲ್ಲ. ಯಾವ ಕೆಲಸದಲ್ಲಿ ಯಾವ ಫಾಂಟ್ ಬಳಸಿದ್ದೀರೆಂದು ಬರೆದಿಟ್ಟುಕೊಂಡು, ಲೋಗೋಗಳಲ್ಲಿ ಅಂಥವಿದ್ದರೆ ಪಾತ್ ಆಗಿ ಪರಿವರ್ತಿಸಿದ ಪ್ರತಿಯೊಂದನ್ನು ಮಾಡಿಡಿ.

ಲೈಟ್‌ರೂಮ್ ಕ್ಲಾಸಿಕ್ ಬಳಸುವವರಿಗೆ ಸ್ವಲ್ಪ ಸಮಾಧಾನವಿದೆ. ಚಂದಾ ನಿಂತ ಮೇಲೂ ಅದರ ಕ್ಯಾಟಲಾಗ್ ತೆರೆಯುತ್ತದೆ, ಚಿತ್ರಗಳನ್ನು ಹೊರತೆಗೆಯಬಹುದು. ಡೆವಲಪ್ ಮತ್ತು ಮ್ಯಾಪ್ ವಿಭಾಗಗಳಷ್ಟೇ ಮುಚ್ಚಿಕೊಳ್ಳುತ್ತವೆ. ಆದರೂ ನಕ್ಷತ್ರದ ಗುರುತು, ಕೀವರ್ಡ್‌ಗಳನ್ನು ಎಕ್ಸ್‌ಎಂಪಿ ಕಡತಗಳಿಗೆ ಬರೆಸಿಬಿಡಿ, ಡಾರ್ಕ್‌ಟೇಬಲ್ ಮತ್ತು ಫೋಟೋ ಸಂಗ್ರಹವನ್ನು ಜೋಡಿಸಿಡುವ ಡಿಜಿಕ್ಯಾಮ್ ಅವುಗಳನ್ನು ಓದುತ್ತವೆ. ಬಣ್ಣ ಬೆಳಕಿನ ತಿದ್ದುಪಡಿಗಳು ಮಾತ್ರ ಹಾಗೆಯೇ ದಾಟಿ ಬರುವುದಿಲ್ಲ. ಅಚ್ಚುಮೆಚ್ಚಿನ ಚಿತ್ರಗಳನ್ನು ಟಿಫ್ ಆಗಿ ತೆಗೆದುಕೊಂಡು, ಉಳಿದವುಗಳ ರಾ ಕಡತವನ್ನು ಬೇಕಾದಾಗ ಹೊಸದಾಗಿ ಸಂಸ್ಕರಿಸುವುದೇ ಲೇಸು.

ಕಡೆಯದು ರದ್ದತಿಯ ದಿನಾಂಕ. ತಿಂಗಳಿಗೊಮ್ಮೆ ಕಟ್ಟುವ ಯೋಜನೆಗಳಲ್ಲಿ ಎಷ್ಟೋ ವಾಸ್ತವವಾಗಿ ವರ್ಷದ ಒಪ್ಪಂದಗಳು. ಅಡೋಬಿಯ ಅಂಥ ಯೋಜನೆಯನ್ನು ಮೊದಲ 14 ದಿನ ಕಳೆದ ಮೇಲೆ ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಮೊತ್ತದಲ್ಲಿ ಅರ್ಧವನ್ನು ಶುಲ್ಕವಾಗಿ ವಿಧಿಸುವ ನಿಯಮವನ್ನು ಪ್ರಶ್ನಿಸಿ, ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು. ನಿಮ್ಮ ಖಾತೆಯ ಪುಟದಲ್ಲಿ ಯೋಜನೆ ನವೀಕರಣವಾಗುವ ದಿನಾಂಕ ಇರುತ್ತದೆ. ಅದಕ್ಕೆ ಎರಡು ತಿಂಗಳು ಮೊದಲೇ ಹೊಸ ತಂತ್ರಾಂಶದ ಅಭ್ಯಾಸ ಆರಂಭಿಸಿ, ಒಂದು ತಿಂಗಳಿರುವಾಗ ಕಡತಗಳನ್ನು ಹೊರತೆಗೆಯಲು ಕೂರಿ, ನವೀಕರಣಕ್ಕೆ ಒಂದು ವಾರವಿರುವಂತೆ ರದ್ದುಗೊಳಿಸಿ, ರದ್ದಾದ ಖಚಿತತೆಯ ಇಮೇಲ್ ಬಂದಿದೆಯೇ ನೋಡಿಕೊಂಡು ಅದನ್ನು ಜೋಪಾನವಾಗಿಡಿ.